ಮೈಲುತುತ್ತು ಹಾಕಿದ ಅಂಟು

ಕಳೆದ ವಾರ ಆಫೀಸಿನ ಕಪಾಟು ಖಾಲಿ ಮಾಡುತ್ತಿದ್ದೆ. ಈಗ ದಾವೆಯೂ ಆನ್‌ಲೈನ್, ನಕಲೂ ಆನ್‌ಲೈನ್, ಇನ್ನು ಈ ಧೂಳನ್ನು ಯಾಕೆ ಸಾಕುವುದು ಎಂದು ಹಳೆಯ ಪುಸ್ತಕಗಳನ್ನೆಲ್ಲ ಗುಜರಿಗೆ ಹಾಕುವ ಉಮೇದಿನಲ್ಲಿದ್ದೆ. ಕೆಳಗಿನ ಸಾಲಿನಿಂದ ಕೋರ್ಟಿನ ನಡಾವಳಿ ನಿಯಮಗಳ ಪುಸ್ತಕ ಕೈಗೆ ಬಂತು. ಅದರ ರಟ್ಟು ಮುಚ್ಚುವುದಿಲ್ಲ. ಎಷ್ಟೋ ವರ್ಷಗಳ ತಿದ್ದುಪಡಿಗಳನ್ನು ಚೀಟಿ ಚೀಟಿಯಾಗಿ ಅಂಟಿಸಿಕೊಂಡು, ಮದುವೆ ಊಟ ಮುಗಿಸಿ ಎದ್ದವರ ಹೊಟ್ಟೆಯ ಹಾಗೆ ಉಬ್ಬಿ ಕುಳಿತಿತ್ತು. ತೆರೆದರೆ ಅದೇ ವಾಸನೆ… ಹಳೆಯ ಮೈದಾ ಹಿಟ್ಟಿನದ್ದು, ಅದರೊಳಗೆ ಸಣ್ಣಗೆ ಮೈಲುತುತ್ತಿನ ಒಗರು. ಚೀಟಿಗಳ ಅಂಚಿನಲ್ಲಿ ಈಗಲೂ ತಿಳಿನೀಲಿ ಗೆರೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಆ ಅಂಟು ನಮ್ಮ ಗುಮಾಸ್ತಣ್ಣನ ಕೈಯದು. ಬದಿಯಡ್ಕದ ಕನ್ನಡ ಶಾಲೆಯಲ್ಲಿ ಕಲಿತು, ಮಂಗಳೂರಿನಲ್ಲಿ ಕಾನೂನು ಓದಿ, ಕಾಸರಗೋಡಿಗೆ ಬಂದು ಕಪ್ಪು ಕೋಟು ಹಾಕಿದಾಗ ನಾನು ಸೇರಿದ್ದು ಒಬ್ಬ ಹಿರಿಯ ವಕೀಲರ ಆಫೀಸಿಗೆ. ಅಲ್ಲಿ ಅವರು ಗುಮಾಸ್ತರು. ನನಗೆ ಮಾತ್ರವಲ್ಲ, ಕೋರ್ಟಿನ ಆಸುಪಾಸಿನವರಿಗೆಲ್ಲ ಅವರು ಗುಮಾಸ್ತಣ್ಣನೇ. ಒಂಬತ್ತಕ್ಕೆ ಮಧೂರಿನ ಬಸ್ಸಿನಿಂದ ಇಳಿದರೆಂದರೆ ಮೊದಲು ಆಫೀಸಿನ ಬೀಗ, ಆಮೇಲೆ ಕಿಟಕಿ, ಆಮೇಲೆ ಆ ಪುಸ್ತಕದ ಮೇಲೆ ಒಂದು ಸಲ ಅಂಗೈ. ದೇವರಿಗೆ ಕೈಮುಗಿಯುವುದು ಅದರ ನಂತರ. ಎಂಟನೆಯ ತರಗತಿಗೆ ಓದು ನಿಂತಿತ್ತು. ಮನೆಯಲ್ಲಿ ತುಳು, ಆಫೀಸಿನಲ್ಲಿ ಕನ್ನಡ, ಕೋರ್ಟಿನ ಕೌಂಟರಿನಲ್ಲಿ ಮಲಯಾಳ. ಇಂಗ್ಲಿಷು ಓದುತ್ತೇನೆ, ಅರ್ಥ ನಿಮ್ಮ ಜವಾಬ್ದಾರಿ ಎನ್ನುತ್ತಿದ್ದರು. ಕೋರ್ಟಿನಲ್ಲಿ ನಾಲ್ಕು ಜನರ ಎದುರು ನನ್ನನ್ನು ಮೇಡಂ ಎನ್ನುವವರು ಆಫೀಸಿನ ಮೆಟ್ಟಿಲು ಹತ್ತಿದ ಕೂಡಲೇ ಮಗಾ ಎನ್ನುತ್ತಿದ್ದರು.

ನನಗೆ ಆಗ ಕೊಂಬು ಇತ್ತು. ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದವಳು, ಮೂಗಿನ ತುದಿಯಲ್ಲಿ ಕೋಪ ಬೇರೆ. ಸೇರಿದ ಮೊದಲ ವಾರವೇ ಸೀನಿಯರ್ ಒಂದು ನಿಯಮ ಹುಡುಕಲು ಹೇಳಿದರು. ಪರಿವಿಡಿ ನೋಡಿದೆ, ಹಿಂದಿನ ಸೂಚಿ ನೋಡಿದೆ, ಬೆಳಗ್ಗಿನಿಂದ ಊಟದ ಹೊತ್ತಿನವರೆಗೆ ಪುಟ ಮಗುಚಿದೆ, ಸಿಗಲಿಲ್ಲ. ಆಚೆ ಮೇಜಿನಲ್ಲಿ ಕಡತಕ್ಕೆ ದಾರ ಕಟ್ಟುತ್ತಿದ್ದ ಗುಮಾಸ್ತಣ್ಣ ತಲೆ ಎತ್ತದೆಯೇ ಹೇಳಿದರು, ಎಡಗಡೆಯ ಪುಟ, ಚಹಾದ ಕಲೆ ಉಂಟಲ್ಲ, ಅದರಿಂದ ಎರಡು ಬೆರಳು ಮೇಲೆ. ಅಲ್ಲೇ ಇತ್ತು! ಅವರಿಗೆ ನಿಯಮಗಳು ಗೊತ್ತಿದ್ದದ್ದು ನಮ್ಮ ಊರಿನವರಿಗೆ ಮನೆಗಳು ಗೊತ್ತಿರುವ ಹಾಗೆ. ಮನೆ ನಂಬರು ಯಾರಿಗೂ ಗೊತ್ತಿಲ್ಲ, ಆದರೆ ಯಾವ ಮಾವಿನ ಮರದ ಹತ್ತಿರ ತಿರುಗಬೇಕೆಂದು ಎಲ್ಲರಿಗೂ ಗೊತ್ತು.

ಪುಸ್ತಕ ಅಚ್ಚಾದ ಮೇಲೆ ನಿಯಮಗಳು ಸುಮ್ಮನೆ ಕೂರುವುದಿಲ್ಲ. ಒಂದು ಕಡೆ ದಿನ ಬದಲಾಗುತ್ತದೆ, ಇನ್ನೊಂದು ಕಡೆ ಒಂದು ಸಾಲು ಸೇರುತ್ತದೆ, ಮತ್ತೊಂದು ಕಡೆ ಇಡೀ ನಿಯಮವೇ ಹೋಗುತ್ತದೆ. ಅದು ಸರಕಾರದ ಗೆಜೆಟಿನಲ್ಲಿ ಬರುತ್ತದೆಯೇ ಹೊರತು ಪುಸ್ತಕ ಮತ್ತೆ ಅಚ್ಚಾಗಲು ವರ್ಷಗಳೇ ಬೇಕು. ನಿಯಮ ಬದಲಾಯಿತು ಎಂದು ಪುಸ್ತಕಕ್ಕೆ ಯಾರು ಹೇಳಬೇಕು, ಎಂದು ಗುಮಾಸ್ತಣ್ಣ ಕೇಳುತ್ತಿದ್ದರು. ಹೇಳುವ ಕೆಲಸ ಅವರದ್ದೇ. ವಕೀಲರ ಗ್ರಂಥಾಲಯಕ್ಕೆ ಗೆಜೆಟ್ ಬಂದ ದಿನ ಅದನ್ನು ಜೆರಾಕ್ಸ್ ಮಾಡಿಸಿ, ಕತ್ತರಿಯಲ್ಲಿ ಚೀಟಿಗಳಾಗಿ ಕತ್ತರಿಸಿ, ಶನಿವಾರ ಮಧ್ಯಾಹ್ನ ಅಂಟಿಸಲು ಕೂರುತ್ತಿದ್ದರು. ಅಂಗಡಿಯ ಗೋಂದು ಅವರಿಗೆ ಆಗದು. ಮೈದಾವನ್ನು ಸ್ಟವ್‌ನಲ್ಲಿ ಕುದಿಸಿ ಅದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು, ಅಡಿಕೆಗೆ ಮದ್ದು ಬಿಡುವಾಗ ಸುಣ್ಣದ ಜೊತೆ ಕಲಸುತ್ತಾರಲ್ಲ, ಅದೇ. ಅದಿದ್ದರೆ ಜಿರಲೆ ಮುಟ್ಟದು ಎಂದು ಅವರ ನಂಬಿಕೆ. ನಿಜಕ್ಕೂ ನಮ್ಮ ಕಪಾಟಿನಲ್ಲಿ ಜಿರಲೆ ತಿನ್ನದ ಪುಸ್ತಕ ಅದೊಂದೇ.

ಅಂಟಿಸುವಾಗ ಫ್ಯಾನ್ ಹಾಕುವಂತಿಲ್ಲ. ಏಪ್ರಿಲ್ ಸೆಕೆಯಲ್ಲಿ ಬೆವರು ಹರಿದರೂ ಹಾಕುವಂತಿಲ್ಲ. ನಮ್ಮ ಪುಸ್ತಕ ಮುಗಿದ ಮೇಲೆ ಅಂಟಿನ ಡಬ್ಬಿ ಹಿಡಿದುಕೊಂಡು ನಮ್ಮ ಸಾಲಿನ ಉಳಿದ ಆಫೀಸುಗಳಿಗೆ ಹೊರಡುತ್ತಿದ್ದರು. ಆ ಸಾಲಿನ ಹೆಚ್ಚಿನ ವಕೀಲರ ಪುಸ್ತಕಗಳಿಗೆ ಅವರದ್ದೇ ಕೈ. ಕೂಲಿ ಕೇಳುತ್ತಿರಲಿಲ್ಲ, ಒಂದು ಚಹಾ ಕುಡಿಯುತ್ತಿದ್ದರು. ನಮ್ಮ ಎದುರು ಪಕ್ಷಕ್ಕೆ ವಾದಿಸುವವರ ಪುಸ್ತಕಕ್ಕೂ ಯಾಕೆ ಅಂಟಿಸಬೇಕು ಎಂದು ನಾನು ಒಮ್ಮೆ ಕೇಳಿದೆ. ನಿಯಮ ಇಬ್ಬರಿಗೂ ಒಂದೇ ಅಲ್ವಾ ಎಂದು ನಕ್ಕಿದ್ದರು.

ಹೀಗಿರುವಾಗ ಬೀಡಿಯಕ್ಕನ ಕೇಸು ಬಂತು.

ಬೀಡಿಯಕ್ಕ ಎಂದು ನಾವು ಕರೆಯುತ್ತಿದ್ದದ್ದು ಪುತ್ತಿಗೆಯ ಕಡೆಯ ಒಬ್ಬ ಹೆಂಗಸನ್ನು. ಐವತ್ತು ದಾಟಿದವರು, ಬೀಡಿ ಕಟ್ಟಿ ಜೀವನ. ಅವರ ಮನೆಯಿಂದ ರಸ್ತೆಗೆ ಇದ್ದದ್ದು ಒಂದೇ ಕಾಲುದಾರಿ, ಅದೂ ನೆರೆಮನೆಯವರ ಜಾಗದ ಅಂಚಿನಲ್ಲಿ. ಜಾಗ ಕೈಬದಲಾಗಿ ಹೊಸದಾಗಿ ಬಂದವರು ಅಲ್ಲಿಗೆ ಬೇಲಿ ಹಾಕಿದರು. ಅಂದಿನಿಂದ ಬೀಡಿಯ ಮೊರ ತಲೆಯ ಮೇಲಿಟ್ಟುಕೊಂಡು ಗುಡ್ಡ ಸುತ್ತಿ ಬರಬೇಕು, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡು ದಾಟಬೇಕು. ಎಲೆ ಒಂದು ಸಲ ಒದ್ದೆಯಾದರೆ ಆ ವಾರದ ಕೆಲಸ ಹೋಯಿತು. ಕೆಳಗಿನ ಕೋರ್ಟಿನಲ್ಲಿ ದಾವೆ ಸೋತಿತ್ತು. ಇನ್ನಿದ್ದದ್ದು ಮೇಲ್ಮನವಿ ಮಾತ್ರ. ಸೀನಿಯರ್ ಅದರ ತಯಾರಿ ನನಗೆ ಒಪ್ಪಿಸಿದರು. ನನ್ನ ಕೈಗೆ ಪೂರ್ತಿಯಾಗಿ ಬಂದ ಮೊದಲ ಕೆಲಸ ಅದು, ನೆಲ ಕಾಣುತ್ತಿರಲಿಲ್ಲ ನನಗೆ.

ಮೇಲ್ಮನವಿಗೆ ಇಷ್ಟೇ ದಿನ ಎಂದು ಉಂಟು. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳನ್ನು ಅದರಲ್ಲಿ ಬಿಟ್ಟು ಎಣಿಸುತ್ತಾರೆ. ಆದರೆ ನಕಲಿಗೆ ಬೇಕಾದ ಸ್ಟಾಂಪ್ ಕಾಗದ ತನ್ನಿ ಎಂದು ಕೋರ್ಟು ನೋಟಿಸ್ ಬೋರ್ಡಿನಲ್ಲಿ ಹಾಕಿದ ಮೇಲೆ ನಿಯಮದಲ್ಲಿ ಹೇಳಿದ ದಿನಗಳೊಳಗೆ ಕೊಡಬೇಕು. ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ಹೊಸದಾಗಿ ಹಾಕಬೇಕು, ಹಳೆಯ ದಿನಗಳ ರಿಯಾಯಿತಿಯೂ ಹೋಗುತ್ತದೆ. ಎಷ್ಟು ದಿನ ಎಂದು ಕೇಳಿದೆ. ಗುಮಾಸ್ತಣ್ಣ ಪುಸ್ತಕ ತೆರೆದು ಚೀಟಿಯ ಮೇಲೆ ಬೆರಳಿಟ್ಟರು. ಏಳು ದಿನ. ನಾನು ಐದನೆಯ ದಿನ ಬೆಳಗ್ಗೆ ಹೆಮ್ಮೆಯಿಂದ ಕಾಗದ ಹಿಡಿದುಕೊಂಡು ಹೋದೆ. ಕೌಂಟರಿನಲ್ಲಿದ್ದವರು ರಿಜಿಸ್ಟರು ನೋಡಿ, ಅರ್ಜಿ ನಿನ್ನೆಯೇ ಹೋಯಿತಲ್ಲ, ಈಗ ನಾಲ್ಕೇ ದಿನ ಎಂದು ಸಮಾಧಾನದಿಂದಲೇ ಹೇಳಿದರು. ನಾನು ನಿಂತಲ್ಲೇ ಜಗಳಕ್ಕೆ ನಿಂತೆ. ಅವರು ತಮ್ಮ ಪುಸ್ತಕ ತಿರುಗಿಸಿ ತೋರಿಸಿದರು. ನಾಲ್ಕು ದಿನ ಎಂದೇ ಇತ್ತು.

ಅವರ ಪುಸ್ತಕದ ಆ ಪುಟವನ್ನು ಜೆರಾಕ್ಸ್ ಮಾಡಿಸಿ ಆಫೀಸಿಗೆ ತಂದು ನಮ್ಮ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದಾಗ ವಿಷಯ ಗೊತ್ತಾಯಿತು. ಹಿಂದಿನ ಸಲ ಎರಡು ಚೀಟಿ ಒಟ್ಟಿಗೆ ಬಂದಿದ್ದವು. ಒಂದು ತೀರ್ಪಿನ ನಕಲಿನ ನಿಯಮಕ್ಕೆ, ಇನ್ನೊಂದು ಕೇಸಿನ ಉಳಿದ ದಾಖಲೆಗಳ ನಕಲಿನ ನಿಯಮಕ್ಕೆ. ಒಂದರ ಜಾಗದಲ್ಲಿ ಇನ್ನೊಂದು ಕುಳಿತಿತ್ತು. ಗುಮಾಸ್ತಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿ ನೋಡಿದರು. ಉಗುರಿನಿಂದ ಚೀಟಿಯ ಅಂಚು ಎಬ್ಬಿಸಲು ಹೋದರು, ಅದು ಬರಲಿಲ್ಲ. ಅವರ ಅಂಟು ಅಷ್ಟು ಗಟ್ಟಿ. ಆಮೇಲೆ ಹೊರಗಿನ ಬೆಂಚಿನಲ್ಲಿ ಹೋಗಿ ಕುಳಿತರು. ನನಗೆ ಸಿಟ್ಟು ಬಂದದ್ದು ನಿಜ. ಕಣ್ಣೆದುರು ನನ್ನ ಮೊದಲ ಕೆಲಸ ಮಣ್ಣುಪಾಲಾಗುತ್ತಿತ್ತು. ಗ್ರಂಥಾಲಯಕ್ಕೆ ಹೋಗಿ ಮೂಲ ಗೆಜೆಟ್ ನೋಡಬೇಕಾದವಳು ನಾನೇ ಅಲ್ಲವೇ ಎಂಬುದು ನೆನಪಾದದ್ದು ಸಿಟ್ಟು ಇಳಿದ ಮೇಲೆ.

ಹೊಸ ಅರ್ಜಿ ಹಾಕಿ ನಕಲು ಸಿಗುವಾಗ ಮೇಲ್ಮನವಿಗೆ ಹನ್ನೊಂದು ದಿನ ತಡವಾಗಿತ್ತು. ತಡವನ್ನು ಮನ್ನಿಸಿ ಎಂದು ಅರ್ಜಿ ಕೊಡಬೇಕು, ಯಾಕೆ ತಡವಾಯಿತು ಎಂದು ಯಾರಾದರೂ ಅಫಿಡವಿಟ್ಟಿನಲ್ಲಿ ಪ್ರಮಾಣ ಮಾಡಬೇಕು. ಅದಕ್ಕೆ ನಮ್ಮ ಕಡೆ ಒಂದು ಸಿದ್ಧ ಔಷಧ ಉಂಟು, ಕಾಮಾಲೆ. ಕಕ್ಷಿದಾರರಿಗೆ ಕಾಮಾಲೆ ಬಂತು, ಹಳ್ಳಿಮದ್ದು ಮಾಡಿಸಿದರು, ಪಥ್ಯದಲ್ಲಿದ್ದರು, ಹಾಗಾಗಿ ವಕೀಲರನ್ನು ಕಾಣಲಾಗಲಿಲ್ಲ. ಕೋರ್ಟಿನ ಕಡತಗಳನ್ನು ನಂಬುವುದಾದರೆ ನಮ್ಮ ತಾಲೂಕಿನಲ್ಲಿ ಕಾಮಾಲೆ ಬಾರದ ಮನೆಯೇ ಇಲ್ಲ. ಸೀನಿಯರ್ ಕೂಡ ಅದನ್ನೇ ಬರೆ ಎಂದರು. ನಾನು ಬರೆದೆ. ಬೀಡಿಯಕ್ಕ ಸಹಿ ಹಾಕಲು ಬಂದಾಗ ಗುಮಾಸ್ತಣ್ಣ ಅದನ್ನು ತುಳುವಿನಲ್ಲಿ ಓದಿ ಹೇಳಬೇಕಿತ್ತು. ಅವರು ಕಾಗದ ಹಿಡಿದು ನಿಂತರು, ಓದಲಿಲ್ಲ.

"ಸಾರ್, ಇವರಿಗೆ ಕಾಮಾಲೆ ಬರ್ಲಿಲ್ಲ. ತಪ್ಪು ಮಾಡಿದ್ದು ನಾನು. ಪ್ರಮಾಣ ಮಾಡ್ಲಿಕ್ಕೆ ಇರುವುದೂ ನಾನೇ."

ಸೀನಿಯರಿಗೆ ಗಾಬರಿಯಾಯಿತು. ಅಫಿಡವಿಟ್ಟನ್ನು ಕೋರ್ಟಿನಲ್ಲಿ ಓದುತ್ತಾರೆ, ಎದುರಿನವರು ಅದನ್ನು ಹಿಡಿದು ಎಳೆಯುತ್ತಾರೆ, ಇಷ್ಟು ವರ್ಷದ ಹೆಸರು ಒಂದೇ ದಿನ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಕೊನೆಗೆ, ಆ ದಿನ ಯಾರೋ ಫ್ಯಾನ್ ಹಾಕಿರಬೇಕು, ಚೀಟಿ ಹಾರಿ ಅದಲುಬದಲಾಗಿರಬೇಕು, ಹಾಗಾದರೂ ಬರೆಯೋಣ ಎಂದರು.

"ಫ್ಯಾನಿಗೆ ಓದ್ಲಿಕ್ಕೆ ಬರುವುದಿಲ್ಲ ಸಾರ್, ನನಗೆ ಬರ್ತದೆ" ಎಂದರು ಗುಮಾಸ್ತಣ್ಣ.

ಬೀಡಿಯಕ್ಕ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದರು. ತಡವಾದದ್ದು ಯಾರಿಂದ ಎಂದು ಅವರಿಗೆ ತಿಳಿದದ್ದು ಆಗಲೇ. ಒಂದು ಬೈಗುಳ ಬಂದರೆ ನನಗೂ ಹಗುರವಾಗುತ್ತಿತ್ತು. ಅವರು, ಬೀಡಿ ಕಟ್ಟುವಾಗ ನಮಗೂ ಒಂದೆರಡು ಸಡಿಲ ಆಗುವುದು ಉಂಟು, ಬಿಚ್ಚಿ ಮತ್ತೆ ಕಟ್ಟುವುದು ಎಂದು ತುಳುವಿನಲ್ಲಿ ಹೇಳಿ, ನನ್ನ ದಾರಿ ಸಿಗ್ತದಾ ಎಂದು ಮಾತ್ರ ಕೇಳಿದರು. ಕಾಮಾಲೆಯ ಅಫಿಡವಿಟ್ಟನ್ನು ನಾನೇ ಹರಿದು, ಗುಮಾಸ್ತಣ್ಣನ ಹೆಸರಿನಲ್ಲಿ ಹೊಸದು ಬರೆದೆ.

ಅದೇ ಶನಿವಾರ ಉಳಿದವರ ಪುಸ್ತಕಗಳಿಗೂ ಹಾಗೆಯೇ ಅದಲುಬದಲಾಗಿ ಅಂಟಿಸಿದ್ದರಿಂದ ಮರುದಿನದಿಂದ ಗುಮಾಸ್ತಣ್ಣ ಸಾಲಿನ ಆಫೀಸುಗಳಿಗೆಲ್ಲ ಹೋದರು. ಕೈಯಲ್ಲಿ ಒಂದು ಕೆಟಲು. ನೀರು ಕುದಿಸಿ ಅದರ ಹಬೆಯನ್ನು ಚೀಟಿಗೆ ತಾಗಿಸಿದರೆ ಅಂಟು ಮೆತ್ತಗಾಗುತ್ತದೆ, ಆಗ ಬ್ಲೇಡಿನಿಂದ ಮೆಲ್ಲನೆ ಎಬ್ಬಿಸಬೇಕು. ಪ್ರತಿಯೊಂದು ಆಫೀಸಿನಲ್ಲೂ ಮೊದಲು ತಪ್ಪು ಒಪ್ಪಿಕೊಳ್ಳುವುದು, ಆಮೇಲೆ ಕೆಟಲು ಇಡುವುದು. ಕೆಲವರು ನಕ್ಕರು, ಕೆಲವರು ತಮಾಷೆ ಮಾಡಿದರು. ಒಬ್ಬರು ಹಿರಿಯರು, ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂದು ಹೇಳಿ ಚಹಾ ತರಿಸಿದರಂತೆ. ಆ ದಿನಗಳಲ್ಲಿ ಗುಮಾಸ್ತಣ್ಣನ ತಲೆ ಎರಡು ಅಂಗುಲ ತಗ್ಗಿದ್ದನ್ನು ನಾನು ಕಂಡಿದ್ದೇನೆ. ಬೆಳಗ್ಗೆ ಬಂದು ಪುಸ್ತಕದ ಮೇಲೆ ಅಂಗೈ ಇಡುವುದನ್ನೂ ಬಿಟ್ಟಿದ್ದರು.

ಕೆಟಲು ಒಳಗೆ ಹೋಗದ ಆಫೀಸು ಒಂದೇ, ಬೀಡಿಯಕ್ಕನ ಎದುರು ಪಕ್ಷದ ವಕೀಲರದ್ದು. ಒಂದು ಚೀಟಿ ಸರಿಮಾಡಿ ಕೊಡುತ್ತೇನೆ ಎಂದು ಇವರು ಬಾಗಿಲಲ್ಲಿ ಹೇಳುವಷ್ಟರಲ್ಲೇ ಅವರು ಕೈ ಅಡ್ಡ ಹಿಡಿದರಂತೆ. ನಮ್ಮ ನಿಮ್ಮ ನಡುವೆ ಕೇಸು ಉಂಟು, ಅದು ಮುಗಿಯುವವರೆಗೆ ನನ್ನ ಪುಸ್ತಕ ಮುಟ್ಟುವುದು ಬೇಡ ಎಂದರಂತೆ. ಒಳ್ಳೆಯವರೇ, ಆದರೆ ಹಟ ಹಿಡಿದರೆ ಬಿಡುವವರಲ್ಲ.

ಅರ್ಜಿ ವಿಚಾರಣೆಗೆ ಬಂದ ದಿನ ನಾನು ಎದ್ದು ನಿಂತು ಏನು ಹೇಳಿದೆನೋ ನೆನಪಿಲ್ಲ. ಬೀಡಿಯಕ್ಕ ಹಿಂದಿನ ಬೆಂಚಿನಲ್ಲಿದ್ದರು. ಅರ್ಜಿ ವಜಾ ಆದರೆ ಅವರ ದಾರಿ ಅಲ್ಲಿಗೇ ಮುಗಿಯಿತು. ಅವರ ಪಕ್ಕದ ಗೋಡೆಗೆ ಒರಗಿ ಗುಮಾಸ್ತಣ್ಣ ನಿಂತಿದ್ದರು. ನನ್ನದು ಮುಗಿದ ಮೇಲೆ ಎದುರಿನ ವಕೀಲರು ಎದ್ದರು. ಅವರು ಗುಮಾಸ್ತಣ್ಣನನ್ನು ಬೈಯಲಿಲ್ಲ, ಹೊಗಳಿದರು! ಈ ಗುಮಾಸ್ತರನ್ನು ನಾನು ಎಷ್ಟೋ ವರ್ಷದಿಂದ ಬಲ್ಲೆ, ಇವರ ಕೈಯಲ್ಲಿ ಚೀಟಿ ತಪ್ಪುವುದೆಂಬುದಿಲ್ಲ, ಆಫೀಸಿನ ಎಳೆ ವಕೀಲೆಯ ಅಸಡ್ಡೆಯನ್ನು ಮುಚ್ಚಲು ಪಾಪ ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದಾರೆ, ಈ ಅಫಿಡವಿಟ್ಟು ನಂಬತಕ್ಕದ್ದಲ್ಲ ಎಂದರು. ನನಗೆ ಕಿವಿ ಬಿಸಿಯಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾವು ಸೋಲುತ್ತಿದ್ದೆವೋ ಏನೋ. ಅವರು ನಿಲ್ಲಿಸಲಿಲ್ಲ. ನನ್ನ ಪುಸ್ತಕಕ್ಕೂ ಚೀಟಿ ಅಂಟಿಸಿದವರು ಇವರೇ, ನಿಯಮ ಎಷ್ಟು ಸರಿಯಾಗಿದೆ ನೋಡಿ ಎಂದು ಪುಸ್ತಕ ತೆರೆದು, ಅಲ್ಲೇ ಪುಟ ಹುಡುಕಿ, ದೊಡ್ಡ ಸ್ವರದಲ್ಲಿ ಓದಿದರು.

ಏಳು ದಿನ.

ನ್ಯಾಯಾಧೀಶರು ತಮ್ಮ ಪುಸ್ತಕ ನೋಡಿ, ಇನ್ನೊಮ್ಮೆ ಓದಿ ಎಂದರು. ವಕೀಲರು ಓದಿದರು, ಈ ಸಲ ಸ್ವರ ಸಣ್ಣದಾಗಿತ್ತು. ಮತ್ತೆ ಏಳೇ. ಅವರು ಚೀಟಿಯನ್ನು ನೋಡಿದರು, ಅದರ ನೀಲಿ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು, ಆಮೇಲೆ ತಿರುಗಿ ಹಿಂದಿನ ಗೋಡೆಯ ಕಡೆ ನೋಡಿದರು. ಗುಮಾಸ್ತಣ್ಣ ತಲೆ ತಗ್ಗಿಸಿ ಕೈಮುಗಿದರು. ಕೋರ್ಟಿನಲ್ಲಿ ಯಾರೋ ನಗು ತಡೆದ ಸದ್ದಾಯಿತು. ಅಷ್ಟು ಹೊತ್ತು ನನ್ನ ಮೇಲೆ ಬಾಣ ಬಿಟ್ಟವರು ಕೊನೆಗೆ ತಾವೇ ನಕ್ಕು, ತಡ ಮನ್ನಿಸಲು ನಮ್ಮ ಆಕ್ಷೇಪವಿಲ್ಲ, ನನ್ನ ಪುಸ್ತಕವೇ ಸಾಕ್ಷಿ ಹೇಳಿದ ಮೇಲೆ ನಾನು ಹೇಳುವುದೇನು ಎಂದು ಕುಳಿತುಬಿಟ್ಟರು. ಅವರ ದೊಡ್ಡತನ ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ.

ಅರ್ಜಿ ಮಂಜೂರಾಯಿತು. ಹೊರಗೆ ಜಗಲಿಯಲ್ಲಿ ಆ ವಕೀಲರು ಗುಮಾಸ್ತಣ್ಣನನ್ನು ನಿಲ್ಲಿಸಿ ಹೇಳಿದ್ದು ನನ್ನ ಕಿವಿಗೂ ಬಿತ್ತು.

"ಸಂಜೆ ಕೆಟಲು ತಕ್ಕೊಂಡು ಬನ್ನಿ ಮಾರಾಯ್ರೆ. ಚಹಾ ನನ್ನದು."

ಮೇಲ್ಮನವಿ ನಡೆಯುತ್ತಿರುವಾಗಲೇ ಎರಡು ಕಡೆಯವರೂ ರಾಜಿಗೆ ಬಂದರು. ತಲೆಯ ಮೇಲೆ ಮೊರ ಇಟ್ಟುಕೊಂಡು ಒಬ್ಬರು ಆರಾಮವಾಗಿ ನಡೆಯುವಷ್ಟು ಅಗಲದ ದಾರಿ ಸಿಕ್ಕಿತು. ಬೀಡಿಯಕ್ಕ ಒಂದು ದಿನ ಹಲಸಿನ ಹಪ್ಪಳದ ಕಟ್ಟು ತಂದು ಮೇಜಿನ ಮೇಲಿಟ್ಟು, ದಾರಿಯಲ್ಲೇ ಬಂದೆ ಎಂದರು. ಆ ಹಪ್ಪಳ ಕರಿದು ತಿಂದಷ್ಟು ಸುಖವಾಗಿ ನಾನು ಮತ್ತೆ ಏನನ್ನೂ ತಿಂದಿಲ್ಲ.

ಗುಮಾಸ್ತಣ್ಣ ಮಾತ್ರ ಆ ಚೀಟಿಯನ್ನು ಮರೆಯಲಿಲ್ಲ. ನಮ್ಮ ಪುಸ್ತಕದಲ್ಲಿ ಸರಿಯಾದ ಚೀಟಿ ಅಂಟಿಸಿದ ಮೇಲೆ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ, ಇಲ್ಲಿ ಮೊದಲು ನನ್ನ ತಪ್ಪು ಇತ್ತು ಎಂದು ಬರೆದಿಟ್ಟರು. ಯಾಕೆ ಎಂದರೆ, ಇನ್ನು ಈ ಪುಸ್ತಕ ಹಿಡಿಯುವವರು ನನ್ನನ್ನು ಪೂರ್ತಿ ನಂಬಬಾರದು, ಅದಕ್ಕೆ ಎಂದರು. ಇನ್ನೂ ಒಂದು ಹೊಸ ಕ್ರಮ ಮಾಡಿಕೊಂಡರು. ಒಬ್ಬರೇ ಅಂಟಿಸುವುದಿಲ್ಲ. ಶನಿವಾರ ಅಂಟು ಕುದಿದ ಮೇಲೆ ನನ್ನನ್ನು ಕರೆಯುತ್ತಿದ್ದರು. ನಾನು ಚೀಟಿ ಹಿಡಿದು ನಿಯಮದ ಸಂಖ್ಯೆ ಓದಬೇಕು, ಅವರು ಪುಸ್ತಕದಿಂದ ಅದೇ ಸಂಖ್ಯೆ ಓದಬೇಕು. ಎರಡೂ ಸೇರಿದರೆ ಅವರು "ಸರಿ ಉಂಟು ಮಗಾ, ಅಂಟಿಸು" ಎನ್ನುತ್ತಿದ್ದರು. ಅಂಟಿಸುವ ಕೆಲಸವನ್ನು ಅವರು ಬೇರೆಯವರಿಗೆ ಕೊಟ್ಟದ್ದು ನನಗೆ ಮಾತ್ರ. ಕಾಲೇಜಿನಲ್ಲಿ ಸಿಕ್ಕ ಪದಕಕ್ಕಿಂತ ಅದು ನನಗೆ ದೊಡ್ಡದು, ಇವತ್ತಿಗೂ.

ಸೀನಿಯರ್ ಹೋದರು, ಆಫೀಸು ನನ್ನದಾಯಿತು, ಗುಮಾಸ್ತಣ್ಣ ನನ್ನ ಜೊತೆಗೇ ಉಳಿದರು. ಕಣ್ಣು ಮಂಜಾದ ಮೇಲೂ ಬರುತ್ತಿದ್ದರು. ಕಂಪ್ಯೂಟರ್ ಬಂದಾಗ ಅದರ ಪಕ್ಕ ಕುಳಿತು, ಇದಕ್ಕೆ ಅಂಟು ಬೇಡವಾ ಎಂದು ನಗುತ್ತಿದ್ದರು. ಆಮೇಲೆ ಒಂದು ಮಳೆಗಾಲದಲ್ಲಿ ಜ್ವರ ಎಂದು ಮಲಗಿದವರು… ಮಧೂರಿನ ಮನೆಗೆ ಹೋಗಿ ಅವರನ್ನು ಕೊನೆಯ ಸಲ ನೋಡಿದಾಗ ನನ್ನ ಕಣ್ಣು ಹೋದದ್ದು ಬಲಗೈ ಹೆಬ್ಬೆರಳಿನ ಉಗುರಿಗೆ. ಅದರ ಬುಡದಲ್ಲಿ ಯಾವಾಗಲೂ ಇರುತ್ತಿದ್ದ ಮೈಲುತುತ್ತಿನ ನೀಲಿ ಇರಲಿಲ್ಲ. ಅಂಟಿಸದೆ ಎಷ್ಟು ಕಾಲವಾಯಿತು ಎಂದು ಅನಿಸಿ ಅಳು ಬಂತು.

ಈಗ ನಿಯಮ ಬೇಕಾದರೆ ನಾನೂ ಫೋನಿನಲ್ಲೇ ಹುಡುಕುತ್ತೇನೆ. ಅದರ ಸುಖ ಸುಳ್ಳಲ್ಲ. ಕಳೆದ ವಾರವೂ ಒಂದು ನಿಯಮ ಹುಡುಕಿದೆ, ಮೂರು ಕಡೆ ಮೂರು ರೀತಿ ಇತ್ತು. ಯಾವುದು ಹೊಸದು, ಯಾರು ಹಾಕಿದ್ದು, ತಪ್ಪಿದ್ದರೆ ಕೆಟಲು ಹಿಡಿದುಕೊಂಡು ಯಾರು ಬರುತ್ತಾರೆ, ಒಂದೂ ಗೊತ್ತಾಗಲಿಲ್ಲ. ಕೊನೆಗೆ ಮೂಲ ಗೆಜೆಟ್ ಹುಡುಕಿ ತೆಗೆದು ಅದನ್ನು ಪ್ರಿಂಟ್ ಮಾಡಿಕೊಂಡೆ. ಅಂದ ಹಾಗೆ, ಇಷ್ಟು ವರ್ಷಗಳಲ್ಲಿ ನಾನು ಯಾವ ಕಕ್ಷಿದಾರರಿಗೂ ಇಲ್ಲದ ಕಾಮಾಲೆ ತರಿಸಿಲ್ಲ. ಅದರಿಂದ ಒಂದೆರಡು ಅರ್ಜಿ ಸೋತದ್ದೂ ಉಂಟು.

ಪುಸ್ತಕ ಗುಜರಿಗೆ ಹೋಗಲಿಲ್ಲ. ಶನಿವಾರ ಮಧ್ಯಾಹ್ನ ಮೈದಾ ಕುದಿಸಿದೆ. ಮೈಲುತುತ್ತನ್ನು ಬದಿಯಡ್ಕದಿಂದ ತಮ್ಮ ತಂದುಕೊಟ್ಟಿದ್ದ, ಯಾವ ಮರಕ್ಕೆ ಮದ್ದು ಬಿಡುತ್ತೀ ಎಂದು ತಮಾಷೆಯನ್ನೂ ಮಾಡಿದ. ಪ್ರಿಂಟನ್ನು ಕತ್ತರಿಸಿ ಚೀಟಿ ಮಾಡಿ, ಫ್ಯಾನ್ ಆರಿಸಿ ಕುಳಿತೆ. ಪುಟ ತೆರೆದೆ. ಚೀಟಿ ಎತ್ತಿಹಿಡಿದು ಅಭ್ಯಾಸಬಲದಿಂದ ಸಂಖ್ಯೆಯನ್ನು ಗಟ್ಟಿಯಾಗಿ ಓದಿದೆ. ಆಚೆ ಮೇಜಿನಿಂದ ಅದೇ ಸಂಖ್ಯೆ ಬರಲಿ ಎಂದು ಸ್ವಲ್ಪ ಹೊತ್ತು ಕಾದೆ… ಬೆವರು ಕನ್ನಡಕದ ಮೇಲೆ ಬಿತ್ತು. ಒರೆಸಿಕೊಂಡು, ಪುಸ್ತಕದಲ್ಲಿದ್ದ ಸಂಖ್ಯೆಯನ್ನೂ ನಾನೇ ಓದಿದೆ. ಎರಡೂ ಸೇರಿದವು. ಸರಿ ಉಂಟು ಎಂದು ಹೇಳಲು ಇನ್ನೊಬ್ಬರಿರಲಿಲ್ಲ. ಹಾಗಾಗಿ ಮತ್ತೊಮ್ಮೆ ಮೊದಲಿನಿಂದ ಎರಡನ್ನೂ ಓದಿ, ಆಮೇಲೆ ಅಂಟಿಸಿದೆ.